ಮೇಲ್ ಪರದೆಯಲ್ಲಿ ಯಾರು ಮೊದಲು?



ದಿನವೂ ಮೇಲ್ ನೋಡಿ, ಓದಿ, ಉತ್ತರಿಸುವುದೇ ಕೆಲಸವಾಗಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಲೆಕ್ಕಪರಿಶೋಧಕರ ಕಚೇರಿ, ವಕೀಲರ ಕಚೇರಿ, ಕಾಲೇಜಿನ ಪರೀಕ್ಷಾ ವಿಭಾಗ, ಸಹಕಾರ ಸಂಘ, ಮುದ್ರಣಾಲಯ, ನಾನು ಕೆಲಸ ಮಾಡುವಂಥ ಪತ್ರಿಕೆಯ ಸಂಪಾದಕೀಯ ವಿಭಾಗ, ಎಲ್ಲ ಕಡೆಯೂ ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಮೊದಲು ತೆರೆಯುವುದು ಮೇಲ್. ಆದರೆ ಆ ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಯಾವುದು ಕಾಣಬೇಕು, ಯಾವುದು ಕಾಣದಿದ್ದರೂ ನಡೆಯುತ್ತದೆ ಎನ್ನುವುದನ್ನು ಹೆಚ್ಚಿನವರು ಒಮ್ಮೆಯೂ ಕೂತು ತೀರ್ಮಾನಿಸಿರುವುದಿಲ್ಲ. ತಂತ್ರಾಂಶ ಹಾಕಿಕೊಟ್ಟವರು ಹೇಗೆ ಬಿಟ್ಟು ಹೋದರೋ ಹಾಗೆಯೇ ವರ್ಷಗಟ್ಟಲೆ ನಡೆಯುತ್ತದೆ.

ಇವತ್ತಿನ ಮಾತು ಆ ಜೋಡಣೆಯ ಬಗ್ಗೆ. ಕಣ್ಣಿಗೆ ಚಂದ ಕಾಣಲಿ ಎಂದು ಮಾಡಿಕೊಳ್ಳುವ ಅಲಂಕಾರ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪರದೆಯ ಮೇಲೆ ಮೊದಲು ಕಂಡವರಿಗೆ ಮೊದಲು ಉತ್ತರ ಹೋಗುತ್ತದೆ. ಕಾಣದವರು ಕಾಯುತ್ತಾರೆ. ಹೀಗಾಗಿ ಪರದೆಯ ಜೋಡಣೆ ಎಂಬುದು ನಮಗೆ ಬರೆದವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದಕ್ಕೆ ನೇರವಾಗಿ ಸಂಬಂಧಪಟ್ಟ ವಿಷಯ.

ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನೇ ಹಿಡಿದು ಮಾತಾಡುತ್ತೇನೆ, ನನಗೆ ಅದರ ಬಳಕೆ ಚೆನ್ನಾಗಿದೆ. ಫೈರ್‌ಫಾಕ್ಸ್ ಬ್ರೌಸರ್ ಕೊಟ್ಟ ಮೊಜಿಲ್ಲಾ ಬಳಗದ್ದೇ ಇದು. ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2004ರ ಡಿಸೆಂಬರ್ 7ರಂದು. ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2012ರಲ್ಲಿ ಮೊಜಿಲ್ಲಾ ಇದರ ಮೇಲಿನ ಕೆಲಸ ಕಡಿಮೆ ಮಾಡುವುದಾಗಿ ಹೇಳಿದಾಗ, ಇದರ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡವರಿದ್ದರು. ಮುಗಿಯಲಿಲ್ಲ. ಬಳಸುವವರೇ ದೇಣಿಗೆ ಕೊಟ್ಟು ಉಳಿಸಿಕೊಂಡರು. 2020ರಲ್ಲಿ ಮೊಜಿಲ್ಲಾ ಪ್ರತಿಷ್ಠಾನದ ಅಧೀನದಲ್ಲಿ ಬೇರೆಯದೇ ಒಂದು ಸಂಸ್ಥೆ ಇದರ ಹೊಣೆ ಹೊತ್ತುಕೊಂಡಿತು. ಮೇಲ್‌ಗಳನ್ನು ನಮ್ಮ ಕಂಪ್ಯೂಟರಿಗೇ ಇಳಿಸಿ ಇಟ್ಟುಕೊಳ್ಳಬಹುದಾದ್ದರಿಂದ ನೆಟ್ ಇಲ್ಲದಾಗಲೂ ಹಳೆಯ ಪತ್ರ ಹುಡುಕಬಹುದು. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ನೆಟ್ ಹೋಗುವ ಮಲೆನಾಡಿನ ಊರಿನವರಿಗೆ ಇದರ ಬೆಲೆ ನಾನು ವಿವರಿಸಬೇಕಾಗಿಲ್ಲ.

ತೆರೆದ ಕೂಡಲೇ ಮೂರು ಭಾಗ ಕಾಣುತ್ತವೆ. ಎಡಗಡೆ ಫೋಲ್ಡರುಗಳ ಸಾಲು. ಅದರ ಪಕ್ಕ ಬಂದ ಮೇಲ್‌ಗಳ ಪಟ್ಟಿ. ಇನ್ನೊಂದರಲ್ಲಿ, ಪಟ್ಟಿಯಲ್ಲಿ ಆರಿಸಿದ ಮೇಲ್‌ನ ಒಡಲು. ಇದು ಇವತ್ತು ಎಷ್ಟು ರೂಢಿಯಾಗಿದೆಯೆಂದರೆ ಬೇರೆ ರೀತಿ ಇರಬಹುದು ಎಂದು ಹೊಳೆಯುವುದೇ ಇಲ್ಲ. ಆದರೆ 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಮೇಲ್ ಕಳಿಸಿದ ಕಾಲಕ್ಕೆ ಪಟ್ಟಿ ಎನ್ನುವುದೇ ಇರಲಿಲ್ಲ. ಬಂದ ಪತ್ರಗಳೆಲ್ಲ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಒಂದೇ ಉದ್ದ ಕಡತವಾಗಿ ಬಿದ್ದಿರುತ್ತಿದ್ದವು, ಮೊದಲಿಂದ ಕೊನೆಯವರೆಗೆ ಓದುತ್ತ ಹೋಗಬೇಕಿತ್ತು. ಲಾರೆನ್ಸ್ ರಾಬರ್ಟ್ಸ್ ಎಂಬುವರು ಸ್ವಲ್ಪ ಕಾಲದಲ್ಲೇ ಒಂದು ಸಣ್ಣ ಪ್ರೋಗ್ರಾಂ ಬರೆದು, ಮೊದಲು ಪಟ್ಟಿ ತೋರಿಸಿ, ಬೇಕಾದ್ದನ್ನು ಆರಿಸಿ ಓದುವ ಅನುಕೂಲ ಮಾಡಿಕೊಟ್ಟರು. ಯಾರದನ್ನು ಮೊದಲು ಓದಬೇಕು ಎನ್ನುವ ಆಯ್ಕೆ ಓದುಗನ ಕೈಗೆ ಬಂದದ್ದು ಅಲ್ಲಿಂದ.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅಗ್ಗದ ಸಂಪರ್ಕ ಪಡೆದವರು ಮೇಲ್ ನೋಡುತ್ತಿದ್ದದ್ದು ಬರೀ ಅಕ್ಷರಗಳ ಪರದೆಯ ಮೇಲೆ, ಪೈನ್ ಎಂಬ ಪ್ರೋಗ್ರಾಮಿನಲ್ಲಿ. ಅಲ್ಲಿ ಪಟ್ಟಿ ಕಂಡರೆ ಪತ್ರ ಕಾಣುತ್ತಿರಲಿಲ್ಲ, ಪತ್ರ ಕಂಡರೆ ಪಟ್ಟಿ ಕಾಣುತ್ತಿರಲಿಲ್ಲ. ಆಮೇಲೆ ಮೌಸ್ ಬಂತು, ಕಿಟಕಿಗಳು ಬಂದವು, ಎರಡನ್ನೂ ಒಟ್ಟಿಗೆ ತೋರಿಸುವ ಮೂರು ಭಾಗದ ಪರದೆ ಬಂತು. ಪಟ್ಟಿ ಮೇಲೆ, ಪತ್ರ ಕೆಳಗೆ. ಆಗಿನ ಮಾನಿಟರುಗಳು ಹೆಚ್ಚುಕಡಿಮೆ ಚೌಕವಾಗಿದ್ದವು, ಅಗಲ ನಾಲ್ಕಾದರೆ ಎತ್ತರ ಮೂರು. ಆ ಆಕಾರಕ್ಕೆ ಮೇಲೆ ಕೆಳಗೆ ಹಂಚಿದ್ದು ಸರಿಯಾಗಿಯೇ ಇತ್ತು. ಮೈಕ್ರೋಸಾಫ್ಟಿನ ಔಟ್‌ಲುಕ್ 2003 ಬಂದಾಗ ಪತ್ರವನ್ನು ಬಲಗಡೆಗೆ ತಂದು ನಿಲ್ಲಿಸಿದ್ದು ದೊಡ್ಡ ಬದಲಾವಣೆ ಎಂದು ಸುದ್ದಿಯಾಯಿತು. ಅಗಲ ಪರದೆಗಳು ಮನೆಮನೆಗೆ ಬರುವುದಕ್ಕೆ ಅದು ಮುನ್ಸೂಚನೆಯಂತಿತ್ತು.

ಈಗ ನಿಮ್ಮ ಮುಂದಿರುವ ಲ್ಯಾಪ್‌ಟಾಪ್ ನೋಡಿ. ನಮ್ಮ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಇವತ್ತಿಗೂ ತುಂಬಾ ಕಾಣುವ ಅಗ್ಗದ ಲ್ಯಾಪ್‌ಟಾಪಿನ ಪರದೆ ಅಗಲಕ್ಕೆ 1366, ಎತ್ತರಕ್ಕೆ 768 ಚುಕ್ಕಿಗಳದ್ದು. ಎತ್ತರದ 768ರಲ್ಲಿ ವಿಂಡೋಸಿನ ಪಟ್ಟಿ ಕೆಳಗೆ ಸ್ವಲ್ಪ ತಿನ್ನುತ್ತದೆ, ತಂತ್ರಾಂಶದ ತಲೆಪಟ್ಟಿ, ಬಟನ್ನುಗಳ ಸಾಲು ಮೇಲೆ ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನು ಮತ್ತೆ ಎರಡು ಪಾಲು ಮಾಡಿದರೆ ಪಟ್ಟಿಯಲ್ಲಿ ಕೆಲವೇ ಸಾಲು. ಕೆಳಗಿನ ಪತ್ರದಲ್ಲಿ ಕಳಿಸಿದವರ ಹೆಸರು, ವಿಷಯ, ದಿನಾಂಕ ಕಳೆದು ನಿಜವಾದ ಮಾತಿಗೆ ಉಳಿಯುವುದು ಅಂಗೈ ಅಗಲದ ಜಾಗ. ಬಲಗಡೆಯಲ್ಲಿ ಮಾತ್ರ ಖಾಲಿ ಬಯಲು. ಎಷ್ಟೋ ಜನ ಈ ಇಕ್ಕಟ್ಟಿನಲ್ಲೇ ವರ್ಷಗಟ್ಟಲೆ ಮೌಸಿನ ಗಾಲಿ ತಿರುಗಿಸುತ್ತ ಕೂತಿರುತ್ತಾರೆ.

ಪರಿಹಾರ ಸುಲಭ. ಕೀಬೋರ್ಡಿನ ಆಲ್ಟ್ ಕೀಲಿ ಒತ್ತಿದರೆ ಮೇಲೆ ಮೆನು ಸಾಲು ಕಾಣಿಸಿಕೊಳ್ಳುತ್ತದೆ. ಅದರಲ್ಲಿ 'ವ್ಯೂ', ಅದರೊಳಗೆ 'ಲೇಔಟ್'. ಅಲ್ಲಿ ಮೂರು ಬಗೆ ಇವೆ: 'ಕ್ಲಾಸಿಕ್', 'ವೈಡ್', 'ವರ್ಟಿಕಲ್'. ಕ್ಲಾಸಿಕ್ ಎಂದರೆ ಈಗ ಹೇಳಿದ ಹಳೆಯ ಜೋಡಣೆ. ವೈಡ್ ಆರಿಸಿದರೆ ಪತ್ರಕ್ಕೆ ಪರದೆಯ ಪೂರ್ತಿ ಅಗಲ ಸಿಗುತ್ತದೆ, ದೊಡ್ಡ ದೊಡ್ಡ ಕೋಷ್ಟಕಗಳು ಬರುವ ಲೆಕ್ಕಪತ್ರದವರಿಗೆ ಅದು ಒಗ್ಗುತ್ತದೆ. ವರ್ಟಿಕಲ್ ಆರಿಸಿದರೆ ಮೂರೂ ಭಾಗ ಅಕ್ಕಪಕ್ಕ ನಿಲ್ಲುತ್ತವೆ, ಪತ್ರ ತಲೆಯಿಂದ ಕಾಲಿನವರೆಗೆ ಉದ್ದಕ್ಕೆ ಕಾಣುತ್ತದೆ. ಓದುವುದೇ ಮುಖ್ಯವಾದವರಿಗೆ ನನ್ನ ಸಲಹೆ ವರ್ಟಿಕಲ್. ಸಾಲು ತೀರಾ ಅಗಲವಾದರೆ ಮುಂದಿನ ಸಾಲಿನ ಆರಂಭ ಹುಡುಕುವುದರಲ್ಲಿ ಕಣ್ಣು ದಣಿಯುತ್ತದೆ. ಅಗಲ ಮಿತವಾಗಿದ್ದರೆ ಓದು ಸರಾಗ.

ವರ್ಟಿಕಲ್‌ನಲ್ಲಿ ಒಂದು ತೊಡಕು ಬರುತ್ತದೆ, ಪಟ್ಟಿ ಕಿರಿದಾಗುತ್ತದೆ. ಹೆಸರು, ವಿಷಯ, ದಿನಾಂಕ ಒಂದೇ ಸಾಲಿನಲ್ಲಿ ಕೂರಬೇಕಾದರೆ ವಿಷಯದ ಮೊದಲ ಎರಡು ಪದ ಕಂಡು ಉಳಿದದ್ದು ಚುಕ್ಕಿ ಚುಕ್ಕಿ. 2023ರ ಜುಲೈನಲ್ಲಿ 'ಸೂಪರ್‌ನೋವಾ' ಎಂಬ ಹೆಸರಿನಲ್ಲಿ ಬಂದ 115ನೇ ಆವೃತ್ತಿ ಇದಕ್ಕೊಂದು ದಾರಿ ತೋರಿಸಿತು. ಪಟ್ಟಿಯನ್ನು ಕೋಷ್ಟಕದ ಬದಲು ಕಾರ್ಡುಗಳಂತೆ ತೋರಿಸುವ 'ಕಾರ್ಡ್ಸ್ ವ್ಯೂ' ಬಂತು. ಒಂದು ಸಾಲಿನಲ್ಲಿ ಹೆಸರು ಮತ್ತು ದಿನಾಂಕ, ಇನ್ನೊಂದರಲ್ಲಿ ವಿಷಯ. ಪಟ್ಟಿಯ ತಲೆಯ ಬಲತುದಿಯಲ್ಲಿರುವ ಗುರುತನ್ನು ಒತ್ತಿದರೆ ಕಾರ್ಡೋ ಕೋಷ್ಟಕವೋ ಆರಿಸಿಕೊಳ್ಳಬಹುದು. ಆ ಆವೃತ್ತಿ ಬಂದಾಗ ಹಳಬರು ಕೆಲವರು ಸಿಟ್ಟಾದರು, ರೂಢಿಯಾದ ಮನೆಯೊಳಗೆ ಯಾರೋ ಬಂದು ಸಾಮಾನೆಲ್ಲ ಜರುಗಿಸಿದರು ಎನ್ನಿಸಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಹಳೆಯ ಜೋಡಣೆ ಮೆನುವಿನಲ್ಲಿ ಹಾಗೇ ಉಳಿದಿದೆ, ಬೇಕಾದವರು ಹಿಂದಕ್ಕೆ ಹೋಗಬಹುದು. ಬ್ರೌಸರಿನಲ್ಲಿ ನೋಡುವ ಮೇಲ್‌ಗಳಲ್ಲಿ ಸಾಮಾನ್ಯವಾಗಿ ಆ ಭಾಗ್ಯ ಇರುವುದಿಲ್ಲ. ಕಂಪನಿಯವರು ರಾತ್ರೋರಾತ್ರಿ ಬದಲಿಸಿದರೆ ಬೆಳಿಗ್ಗೆ ನಾವು ಹೊಂದಿಕೊಳ್ಳಬೇಕು.

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೆಂದೇ ಈ ಮಾತಿಗೆ ಒಪ್ಪಿಕೊಂಡವನು ನಾನು.

ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುತ್ತವೆ. ಕೆಲವಕ್ಕೆ ಮಾತ್ರ ಸ್ವಲ್ಪ ಬಾಲ ಕೆಳಗಿಳಿಯುತ್ತದೆ. ಕನ್ನಡದಲ್ಲಿ ಹಾಗಲ್ಲ. ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತಕ್ಷರ. 'ಮಗ' ಮತ್ತು 'ಮಗ್ಗ' ಎಂಬೆರಡು ಪದಗಳ ನಡುವಿನ ವ್ಯತ್ಯಾಸವೆಲ್ಲ ಸಾಲಿನ ಕೆಳಗೇ ಇದೆ. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಎಂಬಂಥ ಪದಗಳಲ್ಲಿ ಒಂದು ಅಕ್ಷರಕ್ಕೆ ಎರಡೆರಡು ಒತ್ತು. ಇಂಗ್ಲಿಷ್ ಅಕ್ಷರದ ಎತ್ತರವನ್ನೇ ಮನಸ್ಸಿನಲ್ಲಿಟ್ಟು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದ ಪರದೆಯಲ್ಲಿ ಈ ಒತ್ತುಗಳಿಗೆ ಉಸಿರಾಡಲು ಜಾಗವಿರುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವು ಫಾಂಟುಗಳಲ್ಲಿ ಒತ್ತಿನ ತುದಿಯೇ ಕತ್ತರಿಸಿ ಹೋಗುತ್ತದೆ. ನಾವು ಊಹೆಯ ಮೇಲೆ ಓದಿಕೊಳ್ಳುತ್ತೇವೆ. ಇಡೀ ದಿನ ಹೀಗೆ ಊಹಿಸಿ ಓದಿದ ಕಣ್ಣು ಸಂಜೆಗೆ ಉರಿಯುತ್ತದೆ. ಆಗ ನಾವು ಕನ್ನಡದಲ್ಲಿ ಮೇಲ್ ಓದುವುದು ಕಷ್ಟ ಎಂದು ಭಾಷೆಯ ಮೇಲೆ ದೂರು ಹೇಳುತ್ತೇವೆ. ಭಾಷೆಯದು ತಪ್ಪೇನೂ ಇಲ್ಲ, ಅದಕ್ಕೆ ಬೇಕಾದಷ್ಟು ಜಾಗ ನಾವು ಕೊಟ್ಟಿರುವುದಿಲ್ಲ.

ಬಲಗಡೆ ಮೂಲೆಯಲ್ಲಿ ಮೂರು ಅಡ್ಡಗೆರೆಯ ಗುರುತು ಇರುತ್ತದೆ. ಅದನ್ನು ಒತ್ತಿದರೆ 'ಡೆನ್ಸಿಟಿ' ಎಂದಿದೆ, ಅಂದರೆ ಸಾಲುಗಳು ಎಷ್ಟು ಒತ್ತಾಗಿರಬೇಕು ಎಂಬುದು. ಮೂರು ಹಂತ. 'ಕಾಂಪ್ಯಾಕ್ಟ್' ತೀರಾ ಒತ್ತು, 'ಡಿಫಾಲ್ಟ್' ನಡುವಿನದು, 'ರಿಲ್ಯಾಕ್ಸ್ಡ್' ಬಿಡಿಬಿಡಿ. ಕನ್ನಡದ ಮೇಲ್ ಹೆಚ್ಚು ಬರುವವರು ದಯವಿಟ್ಟು ರಿಲ್ಯಾಕ್ಸ್ಡ್ ಆರಿಸಿ ನೋಡಿ. ಪಟ್ಟಿಯಲ್ಲಿ ಕೆಲವು ಸಾಲು ಕಡಿಮೆ ಕಾಣುತ್ತವೆ, ಕಂಡಷ್ಟು ಸಾಲನ್ನು ಒಂದೇ ನೋಟಕ್ಕೆ ಓದಬಹುದು. ಅದರ ಹತ್ತಿರವೇ 'ಫಾಂಟ್ ಸೈಜ್' ಎಂದು ಕೂಡಿಸು, ಕಳೆ ಗುರುತುಗಳಿವೆ. ಅಲ್ಲಿ ಅಕ್ಷರ ಒಂದೆರಡು ಹೆಜ್ಜೆ ದೊಡ್ಡದು ಮಾಡಿಕೊಳ್ಳಬಹುದು.

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಈ ಫಾಂಟ್ ಸೈಜ್ ಬದಲಿಸಿದರೆ ಫೋಲ್ಡರು, ಪಟ್ಟಿ, ಮೆನು ಇವುಗಳ ಅಕ್ಷರ ದೊಡ್ಡದಾಗುತ್ತದೆ. ಪತ್ರದ ಒಡಲಿನ ಅಕ್ಷರ ಇದ್ದ ಹಾಗೇ ಇರುತ್ತದೆ. ಅದಕ್ಕೆ ಬೇರೆ ಕಡೆ ಹೋಗಬೇಕು. 'ಸೆಟ್ಟಿಂಗ್ಸ್' ತೆರೆದು, 'ಜನರಲ್' ಭಾಗದಲ್ಲಿ ಕೆಳಗಿಳಿದರೆ ಫಾಂಟು ಮತ್ತು ಬಣ್ಣದ ಆಯ್ಕೆ ಸಿಗುತ್ತದೆ. ಅದರ ಪಕ್ಕದ 'ಅಡ್ವಾನ್ಸ್ಡ್' ಒತ್ತಿದರೆ ಭಾಷೆ, ಲಿಪಿಗಳ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡವೂ ಇದೆ. ಕನ್ನಡ ಆರಿಸಿ ನಿಮ್ಮ ಕಣ್ಣಿಗೆ ಹಿಡಿಸುವ ಫಾಂಟು, ಗಾತ್ರ ಕೊಡಿ. ವಿಂಡೋಸಿನ ಜೊತೆ ಬರುವ ತುಂಗಾ, ನಿರ್ಮಲಾ ಎರಡರಲ್ಲಿ ನನಗೆ ನಿರ್ಮಲಾ ಮೇಲು. ಅದೇ ಗಾತ್ರದಲ್ಲಿ ತುಂಗಾ ಚಿಕ್ಕದಾಗಿ ಕಾಣುತ್ತದೆ. ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ ಹಾಕಿಕೊಂಡರೆ ಅಚ್ಚಾದ ಪುಸ್ತಕ ಓದಿದ ಹಿತ. ಲಿನಕ್ಸ್ ಬಳಸುವವರಿಗೆ ಲೋಹಿತ್, ಗುಬ್ಬಿ, ನವಿಲು ಇವೆ. ಇಷ್ಟು ಮಾಡಿದ ಮೇಲೂ ಗಾತ್ರ ಬದಲಾಗಲಿಲ್ಲವೆಂದರೆ ಅದೇ ಪಟ್ಟಿಯಲ್ಲಿ 'ಲ್ಯಾಟಿನ್' ಮತ್ತು 'ಅದರ್ ರೈಟಿಂಗ್ ಸಿಸ್ಟಮ್ಸ್' ಎರಡಕ್ಕೂ ಅದೇ ಗಾತ್ರ ಕೊಡಿ. ಯೂನಿಕೋಡಿನಲ್ಲಿ ಬರುವ ಎಷ್ಟೋ ಪತ್ರಗಳು ಗಾತ್ರವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ.

ಹಳೆಯ ಪತ್ರಗಳ ಬಗ್ಗೆ ಒಂದು ಮಾತು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದ ಮೇಲ್‌ಗಳು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಂತೆ ಕಾಣುತ್ತವೆ. ಪರದೆಯ ಜೋಡಣೆಯಿಂದ ಅದು ಸರಿಹೋಗುವುದಿಲ್ಲ. ಪಠ್ಯವನ್ನೇ ಯೂನಿಕೋಡಿಗೆ ಪರಿವರ್ತಿಸಬೇಕು.

ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಹೈಸ್ಕೂಲು ಟೀಚರ್ ಇದ್ದಾರೆ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಅವರ ಹತ್ತಿರ ಓದಿದವರು ಎಲ್ಲೆಲ್ಲೋ ಇದ್ದಾರೆ, ಉದ್ದುದ್ದ ಮೇಲ್ ಬರೆಯುತ್ತಾರೆ. ಅವರ ಕಂಪ್ಯೂಟರಿನ ಮುಂದೆ ಕೂತಾಗ ಅವರು ಹೇಳಿದ್ದು ನನಗೆ ಹೊಸತಾಗಿತ್ತು.

"ನೋಡಪ್ಪಾ, ನಾನು ಮುಟ್ಟದಿದ್ದರೂ ಪತ್ರ ತಾನೇ ಬಿಚ್ಚಿಕೊಳ್ಳುತ್ತೆ. ಆಮೇಲೆ ಯಾವುದು ಓದಿದೆ, ಯಾವುದು ಓದಿಲ್ಲ ಅಂತ ತಿಳಿಯೋದೇ ಇಲ್ಲ."

"ಟೀಚರ್, ಪತ್ರ ಕಾಣೋ ಆ ಭಾಗವನ್ನೇ ತೆಗೆದುಬಿಡೋಣವಾ?"

"ತೆಗೆದರೆ ಓದೋದೆಲ್ಲಿ?"

"ಪಟ್ಟಿಯಲ್ಲಿ ಎರಡು ಸಲ ಒತ್ತಿ. ಪೂರ್ತಿ ಪರದೆ ಮೇಲೆ ತೆರೆಯುತ್ತೆ."

"ಹಾಗಾದರೆ ಅದೇ ಇರಲಿ. ಒಂದು ಹೊತ್ತಿಗೆ ಒಂದೇ ಪತ್ರ ಓದೋಳು ನಾನು."

ಎಫ್ 8 ಕೀಲಿ ಒತ್ತಿದೆವು. ಪತ್ರದ ಭಾಗ ಮಾಯವಾಗಿ ಪಟ್ಟಿಯೊಂದೇ ಅಗಲಕ್ಕೆ ಹರಡಿಕೊಂಡಿತು. ಮತ್ತೆ ಒತ್ತಿದರೆ ವಾಪಸು ಬರುತ್ತದೆ. ಪಟ್ಟಿಯ ಮೇಲೆ ಎರಡು ಸಲ ಒತ್ತಿದಾಗ ಪತ್ರ ಬೇರೆ ಟ್ಯಾಬಿನಲ್ಲಿ ದೊಡ್ಡದಾಗಿ ತೆರೆಯಿತು. ಓದಿ ಮುಗಿದ ಮೇಲೆ ಕಂಟ್ರೋಲ್ ಹಿಡಿದು ಡಬ್ಲ್ಯೂ ಒತ್ತಿದರೆ ಮುಚ್ಚಿಕೊಂಡಿತು. ಓದದ ಪತ್ರ ದಪ್ಪಕ್ಷರದಲ್ಲೇ ಉಳಿಯಿತು. ಪತ್ರದ ಭಾಗ ತೆಗೆಯಲು ಇಷ್ಟವಿಲ್ಲದವರಿಗೆ ಸೆಟ್ಟಿಂಗ್ಸಿನಲ್ಲಿ ಇನ್ನೊಂದು ದಾರಿಯಿದೆ. ಪತ್ರ ಕಣ್ಣಿಗೆ ಬಿದ್ದ ಕೂಡಲೇ ಓದಿದ್ದು ಎಂದು ಗುರುತಾಗಬೇಕೋ, ಇಂತಿಷ್ಟು ಸೆಕೆಂಡ್ ಕಂಡ ಮೇಲೆ ಆಗಬೇಕೋ, ನಾವೇ ಗುರುತು ಮಾಡುವವರೆಗೆ ಆಗಲೇಬಾರದೋ ಎಂದು ಹೇಳಿಡಬಹುದು. ಮೂರು ಭಾಗವೇ ಶ್ರೇಷ್ಠ ಎಂಬ ನಿಯಮ ಎಲ್ಲೂ ಇಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಗಮನವಿಟ್ಟು ತಿದ್ದಿದವರಿಗೆ ಒಂದೇ ಭಾಗ ಸಾಕು, ಅದೇ ಅವರಿಗೆ ಸರಿ.

ಇನ್ನು ಪಟ್ಟಿಯ ಕಾಲಮ್ಮುಗಳು. ಕೋಷ್ಟಕದ ನೋಟದಲ್ಲಿ ತಲೆಸಾಲಿನ ಬಲತುದಿಯ ಗುರುತು ಒತ್ತಿದರೆ ಏನೇನು ತೋರಿಸಬಹುದು ಎಂಬ ಪಟ್ಟಿ ಬರುತ್ತದೆ: ಕಳಿಸಿದವರು, ಯಾರಿಗೆ, ವಿಷಯ, ದಿನಾಂಕ, ಲಗತ್ತು, ಗಾತ್ರ, ನಕ್ಷತ್ರ, ಟ್ಯಾಗು ಹೀಗೆ. ಬೇಕಾದ್ದಕ್ಕೆ ಗುರುತು ಹಾಕಿ, ಬೇಡದ್ದಕ್ಕೆ ತೆಗೆಯಿರಿ, ತಲೆಬರಹ ಹಿಡಿದೆಳೆದು ಹಿಂದೆ ಮುಂದೆ ಮಾಡಿ. ಲಗತ್ತುಗಳಿಂದಲೇ ಕಂಪ್ಯೂಟರ್ ತುಂಬಿಹೋಗಿರುವವರು ಗಾತ್ರದ ಕಾಲಂ ಹಾಕಿಕೊಂಡು ಅದರ ಮೇಲೆ ಒಮ್ಮೆ ಒತ್ತಿದರೆ ದೊಡ್ಡ ಮೇಲ್‌ಗಳೆಲ್ಲ ಒಂದು ಕಡೆ ಸೇರುತ್ತವೆ. ಒಂದು ಫೋಲ್ಡರಿನಲ್ಲಿ ಹೊಂದಿಸಿದ್ದನ್ನು ಬೇರೆ ಫೋಲ್ಡರುಗಳಿಗೂ, ಅವುಗಳ ಒಳಗಿನವಕ್ಕೂ ಅನ್ವಯಿಸುವ ಆಯ್ಕೆ ಅದೇ ಪಟ್ಟಿಯ ಕೊನೆಯಲ್ಲಿದೆ. ಗೊತ್ತಿಲ್ಲದವರು ಪ್ರತಿ ಫೋಲ್ಡರಿಗೂ ಅದೇ ಕೆಲಸ ಮಾಡುತ್ತ ಕೂರುತ್ತಾರೆ.

ಇದಕ್ಕಿಂತ ದೊಡ್ಡದು ಕ್ರಮದ ಪ್ರಶ್ನೆ. ಸಾಮಾನ್ಯವಾಗಿ ಹೊಸ ಮೇಲ್ ಎಲ್ಲಕ್ಕಿಂತ ಮೇಲೆ ಇರುತ್ತದೆ. ಸುದ್ದಿಮನೆಗೆ ಅದು ಸರಿ. ಆದರೆ ಅರ್ಜಿ, ದೂರು, ಹಸ್ತಪ್ರತಿ, ಬಾಕಿ ಬಿಲ್ಲು ಬರುವ ಕಡೆ ಅದು ಅನ್ಯಾಯ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಕೊನೆಗೆ ಬಂದು ನಿಂತವರನ್ನು ಮುಂದಕ್ಕೆ ಕರೆದು ಮೊದಲು ಅಕ್ಕಿ ಅಳೆದು ಕೊಟ್ಟ ಹಾಗೆ. ಪತ್ರಿಕೆಗೆ ಕಥೆ ಕಳಿಸುವವರನ್ನೇ ನೋಡಿ. ಮೊದಲ ಸಲ ಬರೆದ ಹುಡುಗಿಯೊಬ್ಬಳು ಕಥೆ ಕಳಿಸಿ ಸುಮ್ಮನೆ ಕಾಯುತ್ತಾಳೆ. ನೆನಪಿಸಿದರೆ ತಪ್ಪು ತಿಳಿದಾರು ಎಂಬ ಸಂಕೋಚ ಅವಳಿಗೆ. ದಿನ ಕಳೆದಂತೆ ಅವಳ ಮೇಲ್ ಕೆಳಗಿಳಿಯುತ್ತ ಹೋಗಿ ಪರದೆಯಿಂದ ಜಾರುತ್ತದೆ. ಪರಿಚಯದ ಲೇಖಕರು ವಾರಕ್ಕೊಮ್ಮೆ 'ಏನಾಯಿತು' ಎಂದು ಬರೆಯುತ್ತಾರೆ, ಪ್ರತಿ ಸಲವೂ ಅವರ ಹೆಸರು ಮೇಲೆ ಬರುತ್ತದೆ. ಒತ್ತಾಯ ಮಾಡಿದವರಿಗೆ ಉತ್ತರ, ತಾಳಿಕೊಂಡವರಿಗೆ ಮೌನ. ಹೀಗಾಗಲಿ ಎಂದು ಯಾವ ಸಂಪಾದಕರೂ ಬಯಸಿರುವುದಿಲ್ಲ, ಪರದೆಯ ಕ್ರಮವೇ ಅದನ್ನು ಮಾಡಿಸುತ್ತದೆ.

ದಿನಾಂಕದ ತಲೆಬರಹದ ಮೇಲೆ ಒಮ್ಮೆ ಒತ್ತಿದರೆ ಕ್ರಮ ತಿರುಗುತ್ತದೆ, ಹಳೆಯದು ಮೇಲೆ ಬರುತ್ತದೆ. ಪ್ರತಿ ಫೋಲ್ಡರೂ ತನ್ನ ಕ್ರಮವನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುವುದರಿಂದ ಇನ್‌ಬಾಕ್ಸಿನಲ್ಲಿ ಹೊಸತು ಮೇಲಿಟ್ಟು, 'ಪರಿಶೀಲನೆಗೆ' ಎಂಬ ಫೋಲ್ಡರಿನಲ್ಲಿ ಹಳತು ಮೇಲಿಡಬಹುದು. ನಾನು ಹಾಗೇ ಇಟ್ಟಿದ್ದೇನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 'ಫೈಲ್', 'ನ್ಯೂ', ಅದರೊಳಗೆ 'ಸೇವ್ಡ್ ಸರ್ಚ್' ಎಂದಿದೆ. ಇದು ನಿಜವಾದ ಫೋಲ್ಡರಲ್ಲ. ನಾವು ಹೇಳಿದ ಷರತ್ತಿಗೆ ಹೊಂದುವ ಮೇಲ್‌ಗಳನ್ನು, ಅವು ಎಲ್ಲೇ ಇರಲಿ, ಒಂದು ಕಡೆ ತೋರಿಸುತ್ತದೆ. ಎರಡು ಷರತ್ತು ಹಾಕಿ: ಬಂದು 15 ದಿನಕ್ಕಿಂತ ಹೆಚ್ಚಾಗಿರಬೇಕು, ಉತ್ತರ ಹೋಗಿರಬಾರದು. ಎರಡೂ ಹೊಂದಬೇಕು ಎಂದು ಆರಿಸಿ. ಯಾವ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಎಂದು ಗುರುತು ಮಾಡಿ. ಅದಕ್ಕೆ ಕನ್ನಡದಲ್ಲೇ 'ಕಾಯುತ್ತಿರುವವರು' ಎಂದು ಹೆಸರಿಡಿ. ಆಮೇಲೆ ಅದರ ಮೇಲೆ ಬಲಬಟನ್ ಒತ್ತಿ ಅದನ್ನು 'ಫೇವರಿಟ್' ಮಾಡಿ. ಫೋಲ್ಡರ್ ಭಾಗದ ತಲೆಯಲ್ಲಿರುವ ಚುಕ್ಕಿಗಳ ಗುರುತಿನಿಂದ 'ಫೋಲ್ಡರ್ ಮೋಡ್ಸ್' ತೆರೆದು ಫೇವರಿಟ್ ಫೋಲ್ಡರುಗಳು ಕಾಣುವಂತೆ ಮಾಡಿದರೆ ಅದು ಬೇರೆಯಾಗಿ ಎದ್ದು ಕಾಣುತ್ತದೆ. ನಿಮ್ಮ ಕಚೇರಿಯಲ್ಲಿ ಸಾರ್ವಜನಿಕರ ಮೇಲ್ ನೋಡುವ ಹೊಣೆ ನಿಮ್ಮದಾಗಿದ್ದರೆ, ಇವತ್ತು ನಾನು ಹೇಳಿದ್ದರಲ್ಲಿ ಇದೊಂದನ್ನಾದರೂ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಟ್ಯಾಗುಗಳೂ ಉಪಯೋಗಕ್ಕೆ ಬರುತ್ತವೆ. 1ರಿಂದ 5ರವರೆಗಿನ ಅಂಕಿ ಒತ್ತಿದರೆ ಆರಿಸಿದ ಮೇಲ್‌ಗೆ ಒಂದೊಂದು ಬಣ್ಣ ಬರುತ್ತದೆ, 0 ಒತ್ತಿದರೆ ಹೋಗುತ್ತದೆ. ಮೊದಲಿಗೆ ಇಂಗ್ಲಿಷ್ ಹೆಸರುಗಳಿರುತ್ತವೆ. ಸೆಟ್ಟಿಂಗ್ಸಿನಲ್ಲಿ ಅವನ್ನು ತುರ್ತು, ಸಹಿ ಬೇಕು, ಹಣ ಬಾಕಿ ಎಂದು ನಿಮ್ಮ ಕಚೇರಿಯ ಮಾತಿಗೆ ಬದಲಿಸಿಕೊಳ್ಳಿ. ಬಣ್ಣ ಮೂರು ನಾಲ್ಕಕ್ಕಿಂತ ಹೆಚ್ಚಾದರೆ ಯಾವುದಕ್ಕೆ ಯಾವುದೆಂದು ಮರೆಯುತ್ತದೆ.

ಪರದೆಯನ್ನು ಹಗುರ ಮಾಡುವ ಉತ್ಸಾಹದಲ್ಲಿ ಎರಡು ವಸ್ತುಗಳನ್ನು ಮಾತ್ರ ತೆಗೆಯಬೇಡಿ. ಒಂದು, ಎಲ್ಲಕ್ಕಿಂತ ಕೆಳಗಿರುವ ಸಪೂರ ಪಟ್ಟಿ, 'ಸ್ಟೇಟಸ್ ಬಾರ್'. ಪತ್ರದಲ್ಲಿರುವ ಲಿಂಕಿನ ಮೇಲೆ ಮೌಸ್ ಇಟ್ಟರೆ, ಒತ್ತುವ ಮೊದಲೇ, ಅದು ನಿಜವಾಗಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬ ವಿಳಾಸ ಅಲ್ಲಿ ಕಾಣುತ್ತದೆ. ಜಾಗ ಉಳಿಸಲು ಅದನ್ನು ಮುಚ್ಚಿದರೆ ಮೋಸದ ಲಿಂಕು ಗುರುತಿಸುವ ಸುಲಭದ ದಾರಿಯೊಂದು ಮುಚ್ಚಿಹೋಗುತ್ತದೆ. ಇನ್ನೊಂದು, ಕಳಿಸಿದವರ ಪೂರ್ತಿ ವಿಳಾಸ. ಮೇಲ್‌ನಲ್ಲಿ ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನನ್ನು ಬೇಕಾದರೂ ಬರೆಯಬಹುದು. ಬ್ಯಾಂಕಿನ ಹೆಸರು, ವಿದ್ಯುತ್ ಕಂಪನಿಯ ಹೆಸರು, ನಿಮ್ಮ ಮೇಲಧಿಕಾರಿಯ ಹೆಸರು. ಹೆಸರಿನ ಹಿಂದಿರುವ ವಿಳಾಸ ನೋಡಿದರೆ ಬಣ್ಣ ಬಯಲಾಗುವುದು ಹೆಚ್ಚು. ಪತ್ರದ ತಲೆಭಾಗದಲ್ಲಿ 'ಮೋರ್' ಒತ್ತಿ, 'ಕಸ್ಟಮೈಜ್' ಆರಿಸಿದರೆ, ಕಳಿಸಿದವರ ಪೂರ್ತಿ ವಿಳಾಸ ಯಾವಾಗಲೂ ತೋರಿಸು ಎಂಬ ಆಯ್ಕೆ ಇದೆ. ಗುರುತು ಹಾಕಿಬಿಡಿ. ನಿವೃತ್ತರ ಉಳಿತಾಯಕ್ಕೇ ಕಣ್ಣು ಹಾಕುವ ವಂಚಕರಿರುವ ಕಾಲ ಇದು. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಇದನ್ನು ನೀವೇ ಮಾಡಿಕೊಡಿ.

ಮೆನುವಿನಲ್ಲಿ ಇರುವುದಷ್ಟೇ ಸಾಲದು ಎನ್ನುವವರಿಗೆ ಇನ್ನೂ ಆಳದ ದಾರಿಯಿದೆ. ನಮ್ಮ ಮೇಲ್‌ಗಳನ್ನೂ ಆಯ್ಕೆಗಳನ್ನೂ ಥಂಡರ್‌ಬರ್ಡ್ ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರಿನಲ್ಲಿ 'ಕ್ರೋಮ್' ಎಂಬ ಹೆಸರಿನ ಫೋಲ್ಡರ್ ಮಾಡಿ, ಅದರಲ್ಲಿ 'ಯೂಸರ್‌ಕ್ರೋಮ್ ಡಾಟ್ ಸಿಎಸ್ಎಸ್' ಎಂಬ ಕಡತ ಇಟ್ಟು, ಸಾಲಿನ ಎತ್ತರ, ಬಣ್ಣ, ಫಾಂಟು ಎಲ್ಲವನ್ನೂ ಬರೆದು ಹೇಳಬಹುದು. ಈ ಕಡತವನ್ನು ಓದಬೇಕೆಂದು 'ಕಾನ್ಫಿಗ್ ಎಡಿಟರ್'ನಲ್ಲಿ ಮೊದಲು ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ತಂತ್ರಾಂಶ ಅದರ ಕಡೆ ನೋಡುವುದೇ ಇಲ್ಲ. ವೆಬ್‌ಪುಟ ಮಾಡಿ ಅನುಭವವಿರುವ ವಿದ್ಯಾರ್ಥಿಗಳು ಇದನ್ನು ಧೈರ್ಯವಾಗಿ ಮಾಡಬಹುದು. ಕನ್ನಡದ ಒತ್ತಕ್ಷರಕ್ಕೆ ರಿಲ್ಯಾಕ್ಸ್ಡ್ ಕೊಡುವ ಜಾಗವೂ ಸಾಲದೆ ಬಂದರೆ ಇದೇ ದಾರಿ. ಆದರೆ ಹೊಸ ಆವೃತ್ತಿ ಬಂದಾಗ ಒಳಗಿನ ಹೆಸರುಗಳು ಬದಲಾಗಿ ಬರೆದದ್ದು ಕೆಲಸ ಮಾಡದೆ ಹೋಗಬಹುದು. ಬರೆದದ್ದರ ಪ್ರತಿ ಇಟ್ಟುಕೊಂಡಿರಿ.

ಏನೋ ಎಳೆದು, ಏನೋ ಮುಚ್ಚಿ, ಪರದೆ ಗುರುತೇ ಸಿಗದಷ್ಟು ಕೆಟ್ಟರೆ ಹೆದರಬೇಕಾಗಿಲ್ಲ. ಯಾವ ಭಾಗ ಎಷ್ಟು ಅಗಲ ಎಂಬಂಥ ಜೋಡಣೆಯ ನೆನಪೆಲ್ಲ ಪ್ರೊಫೈಲ್ ಫೋಲ್ಡರಿನಲ್ಲಿ 'ಕ್ಸುಲ್‌ಸ್ಟೋರ್ ಡಾಟ್ ಜೇಸನ್' ಎಂಬ ಒಂದು ಸಣ್ಣ ಕಡತದಲ್ಲಿರುತ್ತದೆ. ಎಕ್ಸ್, ಯು, ಎಲ್ ಎಂಬ ಮೂರು ಅಕ್ಷರಗಳಿಂದ ಅದರ ಹೆಸರು ಶುರುವಾಗುತ್ತದೆ. 'ಹೆಲ್ಪ್' ಮೆನುವಿನ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್' ತೆರೆದರೆ ಆ ಫೋಲ್ಡರಿಗೆ ಹೋಗುವ ಬಟನ್ ಸಿಗುತ್ತದೆ. ಫೋಲ್ಡರ್ ತೆರೆದುಕೊಂಡ ಮೇಲೆ ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ, ಆಮೇಲೆ ಆ ಕಡತದ ಹೆಸರನ್ನು ಬೇರೆ ಮಾಡಿ, ಮತ್ತೆ ತೆರೆಯಿರಿ. ಭಾಗಗಳೆಲ್ಲ ಮೊದಲಿದ್ದ ಜಾಗಕ್ಕೆ ಬರುತ್ತವೆ. ಮೇಲ್‌ಗಳಿಗೆ ಏನೂ ಆಗುವುದಿಲ್ಲ, ಅವು ಬೇರೆ ಕಡತಗಳಲ್ಲಿವೆ.

ಹೊಸ ಕಂಪ್ಯೂಟರ್ ಕೊಂಡವರು ತಂತ್ರಾಂಶ ಮುಚ್ಚಿದ ಮೇಲೆ ಆ ಇಡೀ ಪ್ರೊಫೈಲ್ ಫೋಲ್ಡರನ್ನೇ ನಕಲು ಮಾಡಿಕೊಂಡು ಹೋದರೆ ಮೇಲ್‌ಗಳ ಜೊತೆಗೆ ಜೋಡಣೆಯೂ ಹೋಗುತ್ತದೆ. ಒಂದೇ ಕಂಪ್ಯೂಟರನ್ನು ಇಬ್ಬರು ಮೂವರು ಹಂಚಿಕೊಳ್ಳುವ ಕಚೇರಿಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿಕೊಳ್ಳಬಹುದು. ದೊಡ್ಡ ಅಕ್ಷರ ಬೇಕಾದ ಹಿರಿಯ ಗುಮಾಸ್ತರು ಬೆಳಿಗ್ಗೆ ತಮ್ಮದನ್ನು ತೆರೆಯಲಿ, ಮಧ್ಯಾಹ್ನದ ಪಾಳಿಗೆ ಬರುವವರು ತಮ್ಮದನ್ನು ತೆರೆಯಲಿ. ಒಬ್ಬರು ಹೊಂದಿಸಿದ್ದನ್ನು ಇನ್ನೊಬ್ಬರು ಕೆಡಿಸಿದರೆಂಬ ಜಗಳವೂ ಇರುವುದಿಲ್ಲ.